ಕೋವಿಯ ಪ್ರಾಣ ಎಲ್ಲಿದೆ?

ಏಳು ಸಮುದ್ರಗಳಾಚೆಯ ಗಿಳಿಯೊಂದರಲ್ಲಿ ರಾಕ್ಷಸನ ಪ್ರಾಣವಿತ್ತೆಂಬ ಕಥೆಯನ್ನು ಅಜ್ಜಿಯರಿಂದ ಕೇಳದವರು ವಿರಳ. ಕೋವಿಯ ಪ್ರಾಣವನ್ನೂ ಹೀಗೆಯೇ ಒಂದು ಭಾಗದಲ್ಲಿ ಗುರುತಿಸಿರುವ ದೇಶವುಂಟು. ಅದು ಅಮೆರಿಕ.

ಎ.ಆರ್.-15 ಎಂಬ ಅರೆ-ಸ್ವಯಂಚಾಲಿತ ರೈಫಲ್ ಅಲ್ಲಿ ಬಹು ಜನಪ್ರಿಯ. ಒಂದು ಗುಂಡು ಹಾರಿದೊಡನೆ ಮುಂದಿನದು ತಾನಾಗಿಯೇ ಸಿದ್ಧವಾಗುತ್ತದೆ. ಆದರೆ ಪ್ರತಿ ಗುಂಡಿಗೂ ಟ್ರಿಗರನ್ನು ಹೊಸದಾಗಿ ಒತ್ತಬೇಕು. ಇದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಹವ್ಯಾಸಿಗಳು ಅನೇಕರು. ನಳಿಗೆ, ಹಿಡಿ, ದೂರದರ್ಶಕ ಇವೆಲ್ಲ ಕೇಂದ್ರ ಕಾನೂನಿನ ದೃಷ್ಟಿಯಲ್ಲಿ ಕೇವಲ ಸಾಮಾನುಗಳು. ಟ್ರಿಗರಿನ ಯಂತ್ರವನ್ನು ಹೊತ್ತ 'ಲೋವರ್ ರಿಸೀವರ್' ಎಂಬ ಚಿಕ್ಕ ಚೌಕಟ್ಟು ಮಾತ್ರ, ಬರಿದಾಗಿದ್ದರೂ, ಕೋವಿಯೇ ಸರಿ! ಅದನ್ನು ಅಂಗಡಿಯಲ್ಲಿ ಕೊಳ್ಳುವವನು 4473 ಎಂಬ ನಮೂನೆಯನ್ನು ತುಂಬಿ, ಪೂರ್ವಚರಿತ್ರೆಯ ತನಿಖೆಗೆ ಒಳಗಾಗಬೇಕು.

ಹಿಂದೆ ಇಷ್ಟು ಕಟ್ಟುಪಾಡು ಇರಲಿಲ್ಲ. 1963ರ ಮಾರ್ಚಿನಲ್ಲಿ ಆಸ್ವಾಲ್ಡ್ ಎಂಬಾತನು ಸುಳ್ಳು ಹೆಸರಿನಿಂದ ಸುಮಾರು 21 ಡಾಲರು ಕಳುಹಿಸಿ, ಚಿಕಾಗೊದಿಂದ ಅಂಚೆಯಲ್ಲಿಯೇ ರೈಫಲನ್ನು ತರಿಸಿಕೊಂಡನು. ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯವರು ಅದೇ ರೈಫಲಿಗೆ ಬಲಿಯಾದರು. ರಾಜ್ಯದಿಂದ ರಾಜ್ಯಕ್ಕೆ ಅಂಚೆಯ ಮೂಲಕ ಸಾಮಾನ್ಯರಿಗೆ ಕೋವಿ ಮಾರುವುದನ್ನು ನಿಲ್ಲಿಸಿದ ಕಾನೂನು ಬಂದುದು 1968ರಲ್ಲಿ.

ಸ್ವಂತಕ್ಕೆಂದು ಜೋಡಿಸಿಕೊಳ್ಳಲು ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ರೈಫಲಿನ ನಳಿಗೆ 16 ಅಂಗುಲಕ್ಕಿಂತ ಗಿಡ್ಡವಾದರೆ, 1934ರ ಶಾಸನದಂತೆ ಮೊದಲೇ ನೋಂದಾಯಿಸಬೇಕು. ತಪ್ಪಿದರೆ ಹತ್ತು ವರ್ಷಗಳವರೆಗೆ ಸೆರೆಮನೆ. ಅರ್ಧ ಅಂಗುಲದ ಅಜಾಗ್ರತೆಗೆ ಎಂತಹ ಬೆಲೆ! ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ಮುಂತಾದ ರಾಜ್ಯಗಳ ಕಟ್ಟಳೆಗಳು ಇನ್ನೂ ಬಿಗಿ.

ಗಿಳಿಯನ್ನು ಬಚ್ಚಿಡುವ ಜಾಣರೂ ಇಲ್ಲದಿಲ್ಲ. ರಿಸೀವರನ್ನು ಅರೆಬರೆಯಾಗಿ ತಯಾರಿಸಿ, ಕ್ರಮಸಂಖ್ಯೆಯಿಲ್ಲದೆ, ಇದಿನ್ನೂ ಕೋವಿಯಲ್ಲವೆಂದು ಮಾರುತ್ತಿದ್ದರು. ಇಂತಹವನ್ನು ಕಾನೂನಿನೊಳಗೆ ತಂದ 2022ರ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಎತ್ತಿಹಿಡಿಯಿತು.

ಈ ವಿಚಾರ ಕನ್ನಡನಾಡಿನ ಮನೆಗಳಿಗೂ ಸಂಬಂಧಿಸಿದ್ದೇ. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ತಾತ್ಕಾಲಿಕ ವೀಸಾದ ಮೇಲೆ ಅಲ್ಲಿರುವವರು, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳ ಹೊರತು, ಕೋವಿಯನ್ನು ಹೊಂದುವಂತಿಲ್ಲ. ಫ್ಲಾರಿಡದಲ್ಲಿ ವಿದೇಶೀ ವಿದ್ಯಾರ್ಥಿಯೊಬ್ಬನು ಅಂಕಗಳು ಸಾಲದೆ ವಿದ್ಯಾಲಯದಿಂದ ಹೊರಬಿದ್ದು, ವೀಸಾದ ಹಕ್ಕನ್ನೂ ಕಳೆದುಕೊಂಡನು. ಬಳಿಕ ಗುರಿಯಭ್ಯಾಸದ ತಾಣದಲ್ಲಿ ಎರಡು ಕೋವಿಗಳನ್ನು ಹಾರಿಸಿದುದಕ್ಕೆ ಅವನಿಗೆ ಶಿಕ್ಷೆಯಾಯಿತು. ತನ್ನ ವಾಸವು ಅಕ್ರಮವೆಂದು ಅವನಿಗೆ ತಿಳಿದಿದ್ದುದನ್ನು ಸರ್ಕಾರವು ರುಜುವಾತು ಮಾಡಬೇಕೆಂದು ಹೇಳಿ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು.

ಕೋವಿಯ ಪ್ರಾಣ ರಿಸೀವರಿನಲ್ಲಿರಬಹುದು. ಅದನ್ನು ಮುಟ್ಟುವ ಹಕ್ಕು ಇರುವುದು ಕಾಗದಪತ್ರಗಳಲ್ಲಿ. ದೂರದ ಮಕ್ಕಳೊಡನೆ ಮಾತನಾಡುವಾಗ ತಾಯ್ತಂದೆಯರು ಊಟ ನಿದ್ರೆಗಳ ವಿಚಾರದೊಡನೆ ಇದೊಂದು ಮಾತನ್ನೂ ಸೇರಿಸಿದರೆ ತಪ್ಪೇನಿಲ್ಲ.