ರೋಗಕ್ಕೆ ರೋಗಿಯೇ ಹೊಣೆಗಾರನೆ?

ನಮ್ಮ ಹಳ್ಳಿಗಳ ಅನಾರೋಗ್ಯದ ಮಾತು ಬಂದಾಗಲೆಲ್ಲ ಸುಶಿಕ್ಷಿತರ ಬಾಯಿಂದ ಒಂದು ತೀರ್ಪು ತಪ್ಪದೆ ಹೊರಡುವದು: “ಜನರಿಗೆ ತಿಳಿವಳಿಕೆಯಿಲ್ಲ, ಶುಚಿತ್ವವಿಲ್ಲ, ಏನು ಮಾಡಿದರೇನು?” ಆರೋಗ್ಯೋಪನ್ಯಾಸಗಳೂ ಗೋಡೆಯ ಮೇಲಣ ಬರಹಗಳೂ ಈ ತೀರ್ಪನ್ನೇ ಬೇರೆ ಬೇರೆ ಮಾತುಗಳಲ್ಲಿ ಸಾರುತ್ತಲಿವೆ. ಕೈ ತೊಳೆಯಿರಿ, ನೀರನ್ನು ಕಾಯಿಸಿ ಕುಡಿಯಿರಿ, ಮನೆಯ ಸುತ್ತುಮುತ್ತಲು ಚೊಕ್ಕಟವಾಗಿಡಿರಿ ಎಂಬಿವು ಒಳ್ಳೆಯ ಮಾತುಗಳೇ ಸರಿ. ಇವನ್ನು ಅಲ್ಲಗಳೆಯುವವರು ಯಾರೂ ಇರಲಾರರು. ಆದರೆ ಈ ಉಪದೇಶದ ಬೆನ್ನ ಹಿಂದೆ ಒಂದು ಊಹೆಯು ಅಡಗಿರುವದು. ರೋಗವು ರೋಗಿಯ ಮನೆಯಲ್ಲಿಯೇ ಹುಟ್ಟುವದು, ಆದುದರಿಂದ ಅದರ ಹೊಣೆಯೂ ಅವನದೇ ಎಂಬುದೇ ಆ ಊಹೆ. ಇದು ಸುಳ್ಳು. ಇದು ಸುಳ್ಳೆಂಬುದಕ್ಕೆ ಸಾಕ್ಷ್ಯವನ್ನು ದೂರದೇಶದಿಂದ ತರಬೇಕಾಗಿಲ್ಲ; 2014ರಿಂದ ವಿಜಯಪುರವೆನಿಸಿದ ನಮ್ಮ ಬಿಜಾಪುರ ಸೀಮೆಯ ಬಾವಿಗಳೇ ಅದನ್ನು ನುಡಿಯುತ್ತವೆ.

ನಾರುಹುಣ್ಣಿನ ಹೆಸರನ್ನು ಇಂದಿನ ಮಕ್ಕಳು ಕೇಳಿರಲಿಕ್ಕಿಲ್ಲ. ಈ ಸೀಮೆಯ ಹಿರಿಯರಿಗೆ ಮಾತ್ರ ಅದು ಮರೆಯುವಂಥದಲ್ಲ. ಬಿಜಾಪುರ, ಗುಲಬರ್ಗಾ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಈ ರೋಗವು ತಲೆತಲಾಂತರದಿಂದ ನೆಲೆಯೂರಿತ್ತು. ಕಾಲಿನ ಮೇಲೆ ಬೆಂಕಿಯಂತೆ ಉರಿಯುವ ಒಂದು ಬೊಕ್ಕೆಯೇಳುವದು. ಅದು ಒಡೆದಾಗ ಬಿಳಿಯ ನೂಲಿನಂಥ ಹುಳವು ತಲೆದೋರುವದು. ಅದರ ಉದ್ದ ಒಂದು ಮೀಟರಿನವರೆಗೂ ಇರುವದುಂಟು. ದಿನಕ್ಕಿಷ್ಟರಂತೆ ಕಡ್ಡಿಗೆ ಸುತ್ತಿ ಹೊರಗೆಳೆಯಬೇಕು. ಅರ್ಧಕ್ಕೆ ಕಡಿದುಹೋದರೆ ಕಾಲು ಬಾತು ಕೀವಾಗುವದು. ದುಡಿಯುವ ಆಳು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ನೆಲ ಹಿಡಿಯುವನು. ಇದಕ್ಕೆ ಔಷಧವಿರಲಿಲ್ಲ, ಇಂದಿಗೂ ಇಲ್ಲ. ಲಸಿಕೆಯೂ ಇಲ್ಲ.

ಈ ಹುಳವು ಎಲ್ಲಿಂದ ಬರುತ್ತಿತ್ತು? ಮೆಟ್ಟಿಲುಬಾವಿಯಿಂದ. ರೋಗಿಯು ಕೊಡ ತುಂಬಲು ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಡುವನು. ಉರಿಗೆ ತಂಪೂ ಆಗುವದು. ಆ ಕ್ಷಣದಲ್ಲಿಯೇ ಹುಳವು ತನ್ನ ಮರಿಗಳನ್ನು ನೀರಿಗೆ ಬಿಡುವದು. ಬಾವಿಯೊಳಗಿನ ಸೈಕ್ಲಾಪ್ಸ್ ಎಂಬ ಅತಿಸೂಕ್ಷ್ಮ ಜೀವಿಯು ಅವನ್ನು ನುಂಗುವದು. ಆ ನೀರನ್ನು ಊರು ಕುಡಿಯುವದು. ಸುಮಾರು ಒಂದು ವರುಷಕ್ಕೆ ಮತ್ತೊಬ್ಬನ ಕಾಲಿನಲ್ಲಿ ಬೊಕ್ಕೆ. ರಷಿಯದ ಫೆಡ್‌ಚೆಂಕೋ ಎಂಬ ಶಾಸ್ತ್ರಜ್ಞನು 1870ರ ಸುಮಾರಿಗೇ ಈ ಸುತ್ತನ್ನು ಕಂಡುಹಿಡಿದಿದ್ದನು. ತಿಳಿದಮೇಲೂ ನಮ್ಮ ಬಾವಿಗಳ ಮೆಟ್ಟಿಲು ಮುಚ್ಚಲು ನೂರು ವರುಷಕ್ಕೂ ಹೆಚ್ಚು ಕಾಲ ಹಿಡಿಯಿತೆಂಬುದನ್ನು ವಾಚಕರು ಗಮನಿಸಬೇಕು. ಆ ನೂರು ವರುಷ ಅಜ್ಞಾನವು ಯಾರಲ್ಲಿತ್ತು? ನೀರು ತುಂಬುವವಳಲ್ಲಿಯೋ, ಶಾಸ್ತ್ರವನ್ನೋದಿ ಕಪಾಟಿನಲ್ಲಿಟ್ಟವರಲ್ಲಿಯೋ?

1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಮೊದಲಾಯಿತು. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳನ್ನಾಗಿ ಮಾಡಿ ಕಟ್ಟೆ ಕಟ್ಟಿದರು, ಕೈಪಂಪುಗಳನ್ನು ಹಾಕಿದರು, ನೀರಿಗೆ ಮದ್ದು ಬಿಟ್ಟರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. 1996ರ ಜುಲೈಯಲ್ಲಿ ದೇಶದ ಕೊನೆಯ ರೋಗಿಯು ರಾಜಸ್ಥಾನದಲ್ಲಿ ಕಂಡನು. 2000ದ ಫೆಬ್ರುವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಒಂದು ಗುಳಿಗೆಯೂ ಒಂದು ಸೂಜಿಯೂ ಇಲ್ಲದೆ ಒಂದು ಪುರಾತನ ರೋಗವು ಈ ನೆಲದಿಂದ ತೊಲಗಿತು. “ಬಟ್ಟೆಯಲ್ಲಿ ಸೋಸಿದವರು ಜನರೇ ಅಲ್ಲವೆ?” ಎಂದು ಕೇಳಬಹುದು. ಅಹುದು. ತಿಳಿವಳಿಕೆಯಿಲ್ಲದವರೆಂದು ನಾವು ಹಳಿದ ಆ ಜನರೇ, ಕಾರಣವನ್ನು ಬಿಡಿಸಿ ಹೇಳಿ ಕೈಗೆ ಬಟ್ಟೆ ಕೊಟ್ಟೊಡನೆ ಸೋಸಿದರು.

ಇನ್ನು ಬಾವಿಯ ಬಳಿಗೆ ಹೋಗಲು ಯಾರಿಗೆ ಅಪ್ಪಣೆಯಿತ್ತೆಂಬ ಮಾತು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಬೋಲೆಯವರು ತಂದ ಠರಾವು ಮುಂಬಯಿ ಶಾಸನಸಭೆಯಲ್ಲಿ 1923ರಷ್ಟು ಹಿಂದೆಯೇ ಪಾಸಾಗಿತ್ತು. ನಮ್ಮ ಜಿಲ್ಲೆಯು ಆಗ ಮುಂಬಯಿ ಇಲಾಖೆಗೇ ಸೇರಿತ್ತು. ಆ ಠರಾವು ಕಾಗದದ ಮೇಲೆ ಉಳಿದುದರಿಂದಲೇ 1927ರ ಮಾರ್ಚಿನಲ್ಲಿ ಡಾಕ್ಟರ ಅಂಬೇಡಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆದು ನೀರು ಕುಡಿಯಬೇಕಾಯಿತು. ಬಸವಣ್ಣನವರ ಜನ್ಮಭೂಮಿಯೆಂದು ಹೆಮ್ಮೆಪಡುವ ಈ ಸೀಮೆಯಲ್ಲಿಯೂ ಬಾವಿಗಳಿಗೆ ಜಾತಿಯಿತ್ತು. ಊರ ಬಾವಿಯನ್ನು ಮುಟ್ಟಕೂಡದವನು ಹಳ್ಳದ ವರತೆಯನ್ನೋ ಹೊಂಡದ ರಾಡಿಯನ್ನೋ ಕುಡಿಯಲೇಬೇಕು. ಕುಡಿದು ಬೇನೆ ಬಿದ್ದರೆ ಅವನ ಕೇರಿಯೇ ಕೊಳಕೆಂದು ಮೂಗು ಮುಚ್ಚಿಕೊಳ್ಳುವದು ಉಳಿದವರ ಪಾಲಿನ ಕೆಲಸ! 1955ರ ಕಾಯಿದೆಯು ಇದನ್ನು ಅಪರಾಧವೆಂದಿತು. ಆದರೂ ನಲ್ಲಿಯ ಕೊಳವೆಯು ಯಾವ ಕೇರಿಗೆ ಕೊನೆಗೆ ಮುಟ್ಟುವದೆಂಬುದನ್ನು ಯಾವ ಊರಿನಲ್ಲಾದರೂ ನಿಂತು ನೋಡಿರಿ.

ನಾರುಹುಣ್ಣು ಹೋಯಿತು, ಕಥೆ ಮುಗಿಯಲಿಲ್ಲ. ತೆರೆದ ಬಾವಿಯನ್ನು ಬಿಟ್ಟು ನಾವು ಕೊಳವೆಬಾವಿಗೆ ಹೋದೆವು. ನೀರು ಇಂಗಿದಂತೆ ಆಳಕ್ಕೆ, ಇನ್ನೂ ಆಳಕ್ಕೆ ಕೊರೆದೆವು. ಬಂಡೆಯ ನಡುವೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡೆಂಬ ಲವಣಾಂಶವು ಕರಗಿರುವದು. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಇದು ಮಿತಿಯನ್ನು ಮೀರಿದೆ. ಲೀಟರಿಗೆ 1 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕವು ಹೇಳುವದು. ಅದನ್ನು ಮೀರಿದ ನೀರನ್ನು ಕುಡಿದು ಬೆಳೆಯುವ ಮಕ್ಕಳ ಹಲ್ಲುಗಳು ಕಂದುಗಟ್ಟುವವು; ಪ್ರಮಾಣವು ಇನ್ನೂ ಹೆಚ್ಚಿದ್ದಲ್ಲಿ ವರುಷಗಳ ಮೇಲೆ ಕೀಲು ಬಿಗಿದು ಬೆನ್ನು ಬಾಗುವದು. ಇದಕ್ಕೂ ಔಷಧವಿಲ್ಲ. ಹುಳದ ಬಾಯಿಂದ ಬಿಡಿಸಿದವರನ್ನು ಪರೀಕ್ಷೆಯನ್ನೂ ಮಾಡದೆ ಬಂಡೆಯ ಬಾಯಿಗೆ ಒಪ್ಪಿಸಿದಂತಾಯಿತು.

ಈಗ ಆ ಉಪನ್ಯಾಸಕರನ್ನು ಕರೆಯೋಣ. “ನೀರನ್ನು ಕಾಯಿಸಿ ಕುಡಿಯಿರಿ” ಎನ್ನುವರು. ಕಾಯಿಸಿದರೆ ನೀರು ಆವಿಯಾಗುವದು, ಫ್ಲೋರೈಡು ಉಳಿಯುವದು. ಹೆಚ್ಚು ಕುದಿಸಿದಷ್ಟೂ ಅದು ಸಾಂದ್ರವಾಗುವದು. ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದ ಮನೆಯೇ ತುಸು ಹೆಚ್ಚು ವಿಷವನ್ನುಣ್ಣುವದು! ಅದರಲ್ಲಿಯೂ ಎಲ್ಲರಿಗೂ ಪಾಲು ಸಮನಲ್ಲ. ಬೇಸಗೆಯ ಬಿಸಿಲಿನಲ್ಲಿ ದುಡಿಯುವ ಕೂಲಿಕಾರನು ಗುಮಾಸ್ತನಿಗಿಂತ ಬಹಳ ಹೆಚ್ಚು ನೀರು ಕುಡಿಯುವನು. ಹಾಲು, ಕಾಯಿಪಲ್ಯ ಕಾಣದ ದೇಹಕ್ಕೆ ಫ್ಲೋರೈಡಿನ ಪೆಟ್ಟು ಹೆಚ್ಚು. ಒಂದೇ ಕೊಳವೆಬಾವಿಯ ನೀರು ಹೊಲದ ಒಡೆಯನ ಮಗನಿಗೆ ಒಂದು ಬಗೆ, ಆಳಿನ ಮಗನಿಗೆ ಇನ್ನೊಂದು ಬಗೆ.

ನಾಣ್ಯ ಹಾಕಿ ಕೊಡ ತುಂಬಿಕೊಳ್ಳುವ ಶುದ್ಧನೀರಿನ ಘಟಕಗಳು ಇವೆಯಲ್ಲ ಎನ್ನಬಹುದು. ಅವು ನಡೆಯುತ್ತಿರುವಲ್ಲಿ ಉಪಕಾರವೇ ಆಗಿದೆ. ರಾಜ್ಯದ ಎಷ್ಟೋ ಊರುಗಳಲ್ಲಿ ಅವು ಕೆಟ್ಟು ನಿಂತಿರುವದೂ ಅಷ್ಟೇ ನಿಜ. ಅಲ್ಲದೆ ಆ ಕೊಡವು ಮನೆಯಲ್ಲಿರುವದು. ಕೂಲಿಯು ಹೊಲದ ಪಂಪಿನ ನೀರನ್ನು ಕುಡಿಯುವನು.

ಹಣವೆಲ್ಲಿ, ನೀರೆಲ್ಲಿ ಎಂಬ ಕೊನೆಯ ಆಕ್ಷೇಪಣೆಗೆ ಲೆಕ್ಕದಿಂದಲೇ ಉತ್ತರ ಕೊಡುವೆವು. 1964ರ ಮೇ ತಿಂಗಳಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಜಲಾಶಯವು ನಮ್ಮ ಜಿಲ್ಲೆಯ ಮೈಮೇಲೆಯೇ ಇದೆ. ಅದರಲ್ಲಿ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುವದು. 2019ರ ಜಲಜೀವನ ಯೋಜನೆಯು ಆಳಿಗೆ ದಿನಕ್ಕೆ 55 ಲೀಟರೆಂದಿದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 21.77 ಲಕ್ಷ, ಈಗ 25 ಲಕ್ಷವೆಂದೇ ಹಿಡಿಯೋಣ. ವರುಷಕ್ಕೆ ಬೇಕಾದುದು ಎರಡು ಟಿ.ಎಂ.ಸಿ.ಯೂ ಆಗುವದಿಲ್ಲ. ಸೋರಿ ಹೋಗುವದನ್ನು ಸೇರಿಸಿ ಇಮ್ಮಡಿ ಮಾಡಿದರೂ ನಾಲ್ಕು ಮುಟ್ಟದು. ಊರುಗಳನ್ನು ಮುಳುಗಿಸಿ ನಿಲ್ಲಿಸಿದ ನೀರಿನಲ್ಲಿ ಇಷ್ಟು ಪಾಲನ್ನು, ಕಬ್ಬಿಗಿಂತ ಮೊದಲು, ಪ್ರತಿಯೊಂದು ಹಳ್ಳಿಯ ಪ್ರತಿಯೊಂದು ಕೇರಿಗೆ ವರುಷದ ಹನ್ನೆರಡು ತಿಂಗಳೂ ಮುಟ್ಟಿಸುವದು ಅಸಾಧ್ಯವೆಂದು ಯಾರಾದರೂ ಬರೆದು ಸಹಿ ಹಾಕಲಿ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸವುಂಟು. ಇದು ಓದುಬರಹ ಬಲ್ಲ ಮನೆಗಳಿಗೇ ಸೇರಿದ್ದು. ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದು ಅದೇ ಯೋಜನೆಯಲ್ಲಿ ಹೇಳಿದೆ. ಹೂವಿನ ಹಿಪ್ಪರಗಿಯಲ್ಲಾಗಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಕಡೆಯ ಯಾವ ಹಳ್ಳಿಯಲ್ಲಾಗಲಿ, ಆ ಐವರು ಯಾರು, ಅವರಿಗೆ ಪರೀಕ್ಷೆಯ ಪೆಟ್ಟಿಗೆ ಬಂದಿದೆಯೆ, ಊರಿನ ಪ್ರತಿಯೊಂದು ಕೊಳವೆಬಾವಿಯ ಫ್ಲೋರೈಡು ಎಷ್ಟು ಎಂಬುದನ್ನು ಬರುವ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳತಕ್ಕದ್ದು. ಬಂದ ಅಂಕಿಯನ್ನು ಪಂಚಾಯತಿಯ ಗೋಡೆಯ ಮೇಲೆ, “ಕೈ ತೊಳೆಯಿರಿ” ಎಂದು ಬರೆದಿರುವಲ್ಲಿಯೇ, ಅಷ್ಟೇ ದಪ್ಪಕ್ಷರದಲ್ಲಿ ಬರೆಯಿಸತಕ್ಕದ್ದು.