ತುಟಿಯೊಂದು, ನುಡಿಯೊಂದು

ಮಿಂಚು ಮೊದಲು, ಗುಡುಗು ಆಮೇಲೆ. ಈ ಕ್ರಮವನ್ನು ಹನಗೋಡಿನ ಪುಟ್ಟ ಮಗುವೂ ಬಲ್ಲುದು. ಲಕ್ಷ್ಮಣತೀರ್ಥದ ದಡದಲ್ಲಿ ನಿಂತು, ನೂರು ಮೀಟರು ದೂರದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದರೆ ಅದೇ ಕ್ರಮವು ಇನ್ನೊಂದು ರೂಪದಲ್ಲಿ ಕಾಣಸಿಗುತ್ತದೆ. ಬಟ್ಟೆಯು ಕಲ್ಲಿಗೆ ಅಪ್ಪಳಿಸಿದುದು ಕಣ್ಣಿಗೆ ಆಗಲೇ ಕಂಡಾಯಿತು; 'ಧಡ್' ಎಂಬ ಸದ್ದು ಕಿವಿಗೆ ಮುಟ್ಟುವ ವೇಳೆಗೆ ಬಟ್ಟೆ ಮತ್ತೆ ಮೇಲೆದ್ದಿರುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆಯಾಗಿ ಆ ನೂರು ಮೀಟರಿಗೆ ಅದಕ್ಕೆ 0.29 ಸೆಕೆಂಡು ಬೇಕು. ಬೆಳಕಿಗೆ ಬೇಕಾದ ಕಾಲವು ಲೆಕ್ಕಕ್ಕೇ ಬಾರದಷ್ಟು ಅಲ್ಪ.

ಆದುದರಿಂದ ನೋಟವು ಮುಂದು, ಸದ್ದು ಹಿಂದು ಎಂಬುದು ಸೃಷ್ಟಿಯ ನಿಯಮ. ಇದನ್ನು ತಿರುಗುಮುರುಗು ಮಾಡುವ ಸಾಮರ್ಥ್ಯವು ಮನೆಯಲ್ಲಿ ತಯಾರಾದ ವಿಡಿಯೋ ಡಿಸ್ಕುಗಳಿಗೆ ಮಾತ್ರವೇ ಉಂಟೆಂದು ತೋರುತ್ತದೆ. ಅಲ್ಲಿ ಪುರೋಹಿತರು ಬಾಯಿ ತೆರೆಯುವ ಮೊದಲೇ ಮಂತ್ರವು ಕೇಳಿಸುತ್ತದೆ. ಗಟ್ಟಿಮೇಳವು ಮುಗಿದು ವಾದ್ಯವೆಲ್ಲ ಮೌನವಾದ ಮೇಲೆ ವರನು ನಿಶ್ಚಿಂತೆಯಿಂದ ತಾಳಿ ಕಟ್ಟುತ್ತಾನೆ. ನೋಡುತ್ತ ಕುಳಿತ ಮಕ್ಕಳಿಗೆ ಇದಕ್ಕಿಂತ ಮಿಗಿಲಾದ ವಿನೋದವಿಲ್ಲ.

ಆದರೆ ಹಿರಿಯರಿಗೆ ಅದು ವಿನೋದವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ. ಆರ್. ನಗರ, ಹೆಗ್ಗಡದೇವನಕೋಟೆಗಳ ಕಡೆಯ ಎಷ್ಟೋ ಮನೆಗಳಲ್ಲಿ 1990ರ ದಶಕದ ಮದುವೆಗಳು ಕ್ಯಾಸೆಟ್ಟಿನಲ್ಲಿ ದಾಖಲಾದವು. ಮುಂದೆ ಅವೇ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿ, ಧಾರೆಯ ಸೀರೆಯ ಮಡಿಕೆಯೊಳಗೆ ಜೋಪಾನವಾಗಿಟ್ಟರು. ಅಂಥ ಒಂದು ಡಿಸ್ಕಿನಲ್ಲಿ, ಹಸೆಯ ಮುಂದೆ ಕುಳಿತು ಸೋಬಾನೆ ಹಾಡಿದ ಅಜ್ಜಿಯೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ. ಆಕೆ ಈಗಿಲ್ಲ. ಗೋಡೆಯ ಭಾವಚಿತ್ರದಲ್ಲಿ ಮುಖವುಂಟು, ದನಿಯಿಲ್ಲ. ಮುಖವೂ ದನಿಯೂ ಕೂಡಿ ಉಳಿದಿರುವುದು ಆ ನಾಲ್ಕು ನಿಮಿಷಗಳಲ್ಲಿ ಮಾತ್ರ. ಅಲ್ಲಿಯೇ ತುಟಿಯೊಂದು, ನುಡಿಯೊಂದು ಆದರೆ ಹಾಡುತ್ತಿರುವವರು ಬೇರೆ ಯಾರೋ, ಅಜ್ಜಿ ಸುಮ್ಮನೆ ಬಾಯಾಡಿಸುತ್ತಿದ್ದಾರೆ ಎಂಬಂತಾಗುತ್ತದೆ. ಇಂಥ ದೋಷವು ಬಹುಮಟ್ಟಿಗೆ ಪರಿಹಾರಸಾಧ್ಯವೆಂಬುದನ್ನು ತಿಳಿಯದೆ ಡಿಸ್ಕನ್ನು ಮೂಲೆಗೆ ಹಾಕಿದವರು ಹಲವರು.

ಮನುಷ್ಯನ ಕಣ್ಣು ಕಿವಿಗಳು ಎಷ್ಟು ವ್ಯತ್ಯಾಸವನ್ನು ಸಹಿಸಬಲ್ಲವು? ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಇದಕ್ಕೆ ಅಳತೆಗಳನ್ನು ಕೊಟ್ಟಿತು. ಶಬ್ದವು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ; ಹಿಂದಾದರೆ 125 ಮಿಲಿಸೆಕೆಂಡಿನವರೆಗೆ ಗೊತ್ತಾಗುವುದಿಲ್ಲ. ಈ ಪಕ್ಷಪಾತದ ಕಾರಣ ಊಹಿಸಬಹುದಾದುದೇ. ತಡವಾಗಿ ಬರುವ ಸದ್ದಿಗೆ ಹುಟ್ಟಿದಂದಿನಿಂದ ಕಿವಿಯು ಒಗ್ಗಿಕೊಂಡಿದೆ. ಮುಂದಾಗಿ ಬರುವ ಸದ್ದು ಅದಕ್ಕೆ ಅಪರಿಚಿತ. ನಮ್ಮ ದೇಶದ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರಗಳು, ಎಂದರೆ ಒಂದು ಚಿತ್ರಕ್ಕೆ 40 ಮಿಲಿಸೆಕೆಂಡು. ಒಂದೆರಡು ಚಿತ್ರಗಳ ಅಂತರವೇ ಸಾಕು, ಮನಸ್ಸಿಗೆ ಇರಿಸುಮುರಿಸಾಗಲು.

ಈ ಅಂತರವನ್ನು ಕಂಡುಹಿಡಿಯಲು ಕನ್ನಡಿಗರಿಗೆ ಒಂದು ಸಾಧನವು ಒಂದನೆಯ ತರಗತಿಯಲ್ಲಿಯೇ ದೊರೆತಿದೆ. ಅಕ್ಷರಗಳನ್ನು ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ ಸಾಲುಗೊಳಿಸಿದ ಪ್ರಾಚೀನ ವೈಯಾಕರಣರು ಪ, ಫ, ಬ, ಭ, ಮ ಎಂಬ ಐದನ್ನು ಓಷ್ಠ್ಯಗಳೆಂದು ಕರೆದರು. ಇವನ್ನು ತುಟಿ ಮುಚ್ಚದೆ ನುಡಿಯಲು ಬಾರದು. ಕ, ಗ ಮುಂತಾದುವು ಬಾಯಿಯ ಒಳಗೇ ಹುಟ್ಟುವುದರಿಂದ ಹೊರಗಿನಿಂದ ತಿಳಿಯುವುದಿಲ್ಲ. ಆದುದರಿಂದ ಡಿಸ್ಕನ್ನು ಪರೀಕ್ಷಿಸುವವರು 'ಅಪ್ಪ', 'ಅಮ್ಮ', 'ಬನ್ನಿ' ಎಂಬ ಮಾತುಗಳಿಗಾಗಿ ಕಾದಿರಬೇಕು. ತುಟಿ ಕೂಡಿದ ಕ್ಷಣಕ್ಕೆ ಸರಿಯಾಗಿ ಆ ಅಕ್ಷರವು ಕೇಳಿದರೆ ಡಿಸ್ಕು ಸರಿಯಾಗಿದೆ. ಕಣ್ಣು ಕಿವಿಯನ್ನು ಎಷ್ಟರಮಟ್ಟಿಗೆ ಆಳುತ್ತದೆಂಬುದನ್ನು ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ತೋರಿಸಿಕೊಟ್ಟರು. 'ಗ' ಎನ್ನುತ್ತಿರುವ ಬಾಯಿಯ ಚಿತ್ರಕ್ಕೆ 'ಬ' ಎಂಬ ಶಬ್ದವನ್ನು ಜೋಡಿಸಿದಾಗ ನೋಡಿದವರಲ್ಲಿ ಬಹುಮಂದಿಗೆ ಕೇಳಿಸಿದುದು ಅದೂ ಅಲ್ಲ, ಇದೂ ಅಲ್ಲ, 'ದ'!

ಕನ್ನಡ ಚಿತ್ರರಂಗಕ್ಕೂ ಈ ಸಮಸ್ಯೆ ಹೊಸದಲ್ಲ. 1934ರಲ್ಲಿ 'ಸತಿ ಸುಲೋಚನ' ತೆರೆಗೆ ಬಂದು ಕನ್ನಡದ ಚಿತ್ರವು ಮಾತನಾಡತೊಡಗಿದ ದಿನದಿಂದ ಅದು ಬೆನ್ನಿಗಿದೆ. ಫಿಲ್ಮಿನ ಕಾಲದಲ್ಲಿ ಒಂದು ಚಿತ್ರದ ಶಬ್ದವು ಆ ಚಿತ್ರದ ಮಗ್ಗುಲಲ್ಲಿಯೇ ಅಚ್ಚಾಗಿರುತ್ತಿರಲಿಲ್ಲ. 35 ಮಿಲಿಮೀಟರ್ ಫಿಲ್ಮಿನಲ್ಲಿ ಸುಮಾರು 20 ಚಿತ್ರಗಳಷ್ಟು ಮುಂದಿರುತ್ತಿತ್ತು. ದೀಪದ ಮುಂದೆ ಫಿಲ್ಮು ತಡೆತಡೆದು ಸಾಗಬೇಕು. ಶಬ್ದವನ್ನು ಓದುವ ಜಾಗದಲ್ಲಿ ಒಂದೇ ಸಮನೆ ಹರಿಯಬೇಕು. ಇವೆರಡರ ನಡುವೆ ಫಿಲ್ಮನ್ನು ಸ್ವಲ್ಪ ಸಡಿಲವಾಗಿ ಬಳಸಿ ಬಿಡುತ್ತಿದ್ದರು. ಟೂರಿಂಗ್ ಟಾಕೀಸಿನ ಆಪರೇಟರು ಆ ಬಳಸನ್ನು ಎರಡು ಚಿತ್ರದಷ್ಟು ಉದ್ದ ಬಿಟ್ಟನೆಂದರೆ ನಾಯಕನ ಮಾತು ಹನ್ನೆರಡನೆಯ ಒಂದು ಸೆಕೆಂಡು ತಡವಾಗುತ್ತಿತ್ತು. ಟೆಂಟಿನಲ್ಲಿ ಸಿಳ್ಳೆ ಏಳುತ್ತಲೇ ಅವನು ಯಂತ್ರದ ಬಳಿಗೆ ಓಡುತ್ತಿದ್ದನು.

ಡಿಸ್ಕಿನಲ್ಲಿ ಅಂಥ ಬಳಸಿಲ್ಲ. ಅಲ್ಲಿ ಚಿತ್ರದ ಹರಿವು ಒಂದು, ಶಬ್ದದ ಹರಿವು ಇನ್ನೊಂದು. ಎರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳು. ಪ್ರತಿಯೊಂದು ತುಣುಕಿನ ಮೇಲೆಯೂ ಅದನ್ನು ಯಾವ ಕ್ಷಣದಲ್ಲಿ ತೋರಿಸಬೇಕು ಅಥವಾ ಕೇಳಿಸಬೇಕು ಎಂಬ ಕಾಲದ ಗುರುತು ಇರುತ್ತದೆ. ಆ ಗುರುತು ಅಳಿದರೆ, ಇಲ್ಲವೆ ಒಂದು ಎತ್ತು ಇನ್ನೊಂದಕ್ಕಿಂತ ನಿಧಾನವಾದರೆ ಬಂಡಿ ಓರೆಯಾಗುತ್ತದೆ.

ಚಿಕಿತ್ಸೆಗೆ ಮೊದಲು ರೋಗನಿದಾನ. ತಪ್ಪು ಡಿಸ್ಕಿನದೋ, ಮನೆಯ ಯಂತ್ರದ್ದೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಕೊಂಡ ಚಲಚ್ಚಿತ್ರದ ಡಿಸ್ಕೊಂದನ್ನು ಅದೇ ಯಂತ್ರದಲ್ಲಿ ಹಾಕಿ ನೋಡಬೇಕು. ಅದೂ ಹೊಂದದಿದ್ದರೆ ದೋಷವು ಮನೆಯದು. ಈಚಿನ ತೆಳುವಾದ ಟೆಲಿವಿಷನ್ನುಗಳು ಚಿತ್ರವನ್ನು ತಿದ್ದಿ ತೋರಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತವೆ. ಶಬ್ದವನ್ನು ನೇರವಾಗಿ ಬೇರೆ ಆಂಪ್ಲಿಫೈಯರಿಗೆ ಕೊಟ್ಟಿದ್ದರೆ ಅದು ಮುಂದಾಗಿ ಓಡಿಬರುತ್ತದೆ. ಬ್ಲೂಟೂತ್ ಸ್ಪೀಕರು ಇದಕ್ಕೆ ವಿರುದ್ಧ. ಅದು ಶಬ್ದವನ್ನೇ ತಡಮಾಡುತ್ತದೆ. ಟೆಲಿವಿಷನ್ನಿನ ಅಥವಾ ಆಂಪ್ಲಿಫೈಯರಿನ ಸೆಟ್ಟಿಂಗಿನಲ್ಲಿ 'ಲಿಪ್ ಸಿಂಕ್' ಅಥವಾ 'ಆಡಿಯೋ ಡಿಲೇ' ಎಂಬುದಿದ್ದರೆ ಅಲ್ಲಿ ಸರಿಪಡಿಸಬಹುದು. ಅಂಗಡಿಯ ಡಿಸ್ಕು ಸರಿಯಾಗಿದ್ದು ಮನೆಯ ಡಿಸ್ಕು ಮಾತ್ರ ತಡವರಿಸಿದರೆ ಅದನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಿ ಇನ್ನೊಮ್ಮೆ ನೋಡಬೇಕು. ಗ್ರಾಮಫೋನ್ ತಟ್ಟೆಯಂತೆ ಸುತ್ತಸುತ್ತಲೂ ಒರಸಬಾರದು. ಹಾಗೆ ಬಿದ್ದ ಗೀರು ಓದುವ ಜಾಡಿನ ಉದ್ದಕ್ಕೂ ಹಬ್ಬಿ ಹೆಚ್ಚು ಕೆಡುಕು ಮಾಡುತ್ತದೆ.

ಇಷ್ಟಾಗಿಯೂ ಸರಿಹೋಗದಿದ್ದರೆ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದುದಿದ್ದಂತೆಯೇ ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡು, ಕೈಯಾಡಿಸುವುದೇನಿದ್ದರೂ ಆ ಪ್ರತಿಯ ಮೇಲೆಯೇ ಆಡಿಸಬೇಕು. ಬಳಿಕ ಡಿಸ್ಕಿನ ಆದಿ, ಮಧ್ಯ, ಅಂತ್ಯ ಈ ಮೂರು ಕಡೆ ವ್ಯತ್ಯಾಸವನ್ನು ಅಳೆಯಬೇಕು. ಇದಕ್ಕೆ ತುಟಿಗಿಂತಲೂ ಖಚಿತವಾದ ಗುರುತುಗಳು ಮದುವೆಯ ಮನೆಯಲ್ಲಿಯೇ ಇರುತ್ತವೆ. ತೆಂಗಿನಕಾಯಿ ಒಡೆಯುವ ಕ್ಷಣ, ಡೋಲಿನ ಮೇಲೆ ಕೋಲು ಬೀಳುವ ಕ್ಷಣ, ಯಾರೋ ಚಪ್ಪಾಳೆ ತಟ್ಟಿದ ಕ್ಷಣ. ಸಿನಿಮಾದವರು ಕ್ಲಾಪ್ ಬೋರ್ಡನ್ನು ಬಡಿಯುವುದೂ ಇದಕ್ಕಾಗಿಯೇ.

ಮೂರೂ ಕಡೆ ಅಂತರವು ಒಂದೇ ಆಗಿದ್ದರೆ ಕೆಲಸ ಸುಲಭ. ಚಿತ್ರವನ್ನೂ ಶಬ್ದವನ್ನೂ ಬಿಡಿಸಿ ಮತ್ತೆ ಜೋಡಿಸುವಾಗ ಮೊದಲಿನ ಕಾಲದ ಗುರುತು ಕಳೆದುಹೋಗಿರುತ್ತದೆ, ಅಷ್ಟೆ. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕನ್ನು ನಡೆಸಿ, ವಿಂಡೋಸ್ ಕಂಪ್ಯೂಟರಾದರೆ 'ಜೆ' ಮತ್ತು 'ಕೆ' ಕೀಲಿಗಳನ್ನು ಒತ್ತುತ್ತ ಬಂದರೆ ಶಬ್ದವು ಒತ್ತಿಗೆ 50 ಮಿಲಿಸೆಕೆಂಡಿನಂತೆ ಸರಿಯುತ್ತದೆ. ಶಬ್ದವು ತಡವಾಗಿದ್ದರೆ ಜೆ, ಮುಂದಾಗಿದ್ದರೆ ಕೆ. ಆದರೆ ಇದು ನೋಡುವ ಹೊತ್ತಿನ ತಿದ್ದುಪಡಿ ಮಾತ್ರ. ಹೀಗೆ ದೊರೆತ ಅಂಕಿಯನ್ನು ಬರೆದಿಟ್ಟುಕೊಂಡು, ಅವಿಡೆಮಕ್ಸ್‌ನಂಥ ತಂತ್ರಾಂಶದಲ್ಲಿ ಶಬ್ದವನ್ನು ಅಷ್ಟೇ ಸರಿಸಿ ಉಳಿಸಿದರೆ ತಿದ್ದುಪಡಿ ಶಾಶ್ವತವಾಗುತ್ತದೆ. ಚಿತ್ರವನ್ನು ಮುಟ್ಟದೆ 'ಕಾಪಿ' ಎಂದೇ ಇಟ್ಟರೆ ಅದರ ಸ್ಫುಟತೆ ಎಳ್ಳಷ್ಟೂ ಕುಂದುವುದಿಲ್ಲ.

ಮೊದಲಲ್ಲಿ ಸರಿಯಾಗಿದ್ದು ಬರಬರುತ್ತ ಅಂತರವು ಬೆಳೆಯುತ್ತಿದ್ದರೆ ರೋಗವು ಬೇರೆ. ಕ್ಯಾಮೆರಾದ ಗಡಿಯಾರವೂ ಶಬ್ದವನ್ನು ಹಿಡಿದ ಯಂತ್ರದ ಗಡಿಯಾರವೂ ಒಂದೇ ಸಮನಾಗಿ ನಡೆದಿಲ್ಲವೆಂದು ಇದರ ಅರ್ಥ. ಹತ್ತು ಲಕ್ಷದಲ್ಲಿ 50 ಪಾಲಿನಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡು, ಎಂದರೆ ನಾಲ್ಕು ಚಿತ್ರಗಳಿಗೂ ಮೀರಿದ ಅಂತರ ಬೀಳುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರವಾದರೆ ಸೆಕೆಂಡಿಗೆ ಇಷ್ಟೇ ಚಿತ್ರಗಳೆಂಬ ನಿಯಮವನ್ನೇ ಅದು ಎಷ್ಟೋ ವೇಳೆ ಪಾಲಿಸಿರುವುದಿಲ್ಲ. ಡಿಸ್ಕಿಗೆ ಇಳಿಸುವ ಮುನ್ನ ಮೂಲವನ್ನು ಸಮವೇಗಕ್ಕೆ ಪರಿವರ್ತಿಸಿಕೊಳ್ಳಬೇಕು. ಇಲ್ಲಿ ಶಬ್ದವನ್ನು ಸರಿಸಿದರೆ ಸಾಲದು, ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಒಂದು ಗಂಟೆಯ ಕೊನೆಗೆ ಶಬ್ದವು 1.2 ಸೆಕೆಂಡು ತಡವಾಗಿದೆ ಎನ್ನೋಣ. 3600 ಸೆಕೆಂಡಿನ ಶಬ್ದವು 3598.8 ಸೆಕೆಂಡಿಗೆ ಇಳಿಯಬೇಕು; ಎಂದರೆ ವೇಗವು ನೂರಕ್ಕೆ 0.033ರಷ್ಟು ಹೆಚ್ಚಬೇಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 'ಚೇಂಜ್ ಸ್ಪೀಡ್' ಎಂಬಲ್ಲಿ ಈ ಅಂಕಿಯನ್ನು ಕೊಡಬಹುದು. ಇಷ್ಟು ಅಲ್ಪ ಬದಲಾವಣೆಯಿಂದ ಅಜ್ಜಿಯ ಶ್ರುತಿ ಏರಿತೆಂದು ಸಂಗೀತಗಾರರಿಗೂ ತಿಳಿಯದು.

ಈ ಲೆಕ್ಕವನ್ನು ಒಪ್ಪಿಕೊಳ್ಳುವ ಮುನ್ನ ನಡುವಿನ ಅಳತೆಯನ್ನು ನೋಡಬೇಕು. ಕೊನೆಗೆ 1.2 ಆದರೆ ಅರ್ಧ ಗಂಟೆಗೆ 0.6 ಇರಬೇಕು. ಹಾಗಿಲ್ಲದೆ, ಒಂದು ಸ್ಥಳದವರೆಗೆ ಏನೂ ಇಲ್ಲದೆ ಅಲ್ಲಿಂದಾಚೆಗೆ ಒಮ್ಮೆಲೇ ಅಂತರ ಬಿದ್ದಿದ್ದರೆ ಅದು ಮೂರನೆಯ ರೋಗ. ಹಳೆಯ ಕ್ಯಾಸೆಟ್ಟನ್ನು ಇಳಿಸುವಾಗ ಕಂಪ್ಯೂಟರು ಕೆಲವು ಚಿತ್ರಗಳನ್ನು ಕೈಬಿಟ್ಟಿರುತ್ತದೆ. 25 ಚಿತ್ರಗಳು ಹೋದರೆ ಚಿತ್ರವು ಒಂದು ಸೆಕೆಂಡು ಮೊಟಕಾಯಿತು. ಅಂದಿನಿಂದ ಶಬ್ದವು ಅಷ್ಟು ಹಿಂದೆ ಬಿತ್ತು. ಆ ಸ್ಥಳವನ್ನು ಹುಡುಕಿ, ಅಲ್ಲಿ ಡಿಸ್ಕಿನ ಪ್ರತಿಯನ್ನು ಎರಡಾಗಿ ಕತ್ತರಿಸಿ, ಎರಡನೆಯ ತುಂಡಿನ ಶಬ್ದವನ್ನು ಮಾತ್ರ ಸರಿಸಬೇಕು. ಮೂಲ ಕ್ಯಾಸೆಟ್ಟು ಇನ್ನೂ ಓದುವಂತಿದ್ದರೆ ಅದನ್ನೇ ಮತ್ತೊಮ್ಮೆ ಇಳಿಸುವುದು ಇನ್ನೂ ಉತ್ತಮ. ಏಕೆಂದರೆ ಕೈಬಿಟ್ಟ ಚಿತ್ರಗಳನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಈ ಕೆಲಸವನ್ನು ಮುಂದಿನ ಬೇಸಗೆಯ ರಜಕ್ಕೆ ಎಂದು ಮುಂದೂಡುವುದು ವಿವೇಕವಲ್ಲ. ಮನೆಯಲ್ಲಿ ಬರೆದ ಡಿಸ್ಕಿನ ಮೇಲಿರುವುದು ಬಣ್ಣದ ಒಂದು ತೆಳುಲೇಪ. ಬಿಸಿಲು, ತೇವ, ಸೆಕೆಗಳಿಂದ ಅದು ಕಾಲಕ್ರಮದಲ್ಲಿ ಕೆಡುತ್ತದೆ. ಡಿಸ್ಕಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯುವುದೂ ಕಾಗದದ ಚೀಟಿ ಅಂಟಿಸುವುದೂ ಅದಕ್ಕೆ ಹಿತವಲ್ಲ. ಇತ್ತ ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಅಪರೂಪವಾಗುತ್ತಿದೆ. ತಿದ್ದಿದ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಟ್ಟರೆ ಒಂದು ಕೆಟ್ಟರೂ ಇನ್ನೊಂದು ಉಳಿದೀತು. ಮುಂದೆ ಹೊಸದಾಗಿ ಚಿತ್ರಿಸುವವರು ಕ್ಯಾಮೆರಾ ನಡೆಯತೊಡಗಿದೊಡನೆ ಅದರ ಎದುರಿಗೆ ಒಂದು ಚಪ್ಪಾಳೆ, ನಿಲ್ಲಿಸುವ ಮುನ್ನ ಇನ್ನೊಂದು ಚಪ್ಪಾಳೆ ತಟ್ಟಿಬಿಟ್ಟರೆ ಆಮೇಲಿನ ಶ್ರಮವು ಮುಕ್ಕಾಲು ಪಾಲು ತಪ್ಪುತ್ತದೆ.

ಇಷ್ಟನ್ನು ಮಾಡಿ ಮುಗಿಸಿದ ಸಂಜೆ, ಮನೆಯ ಹಿರಿಯರನ್ನೆಲ್ಲ ಕೂರಿಸಿ ಡಿಸ್ಕನ್ನು ಒಮ್ಮೆ ಪೂರ್ತಿಯಾಗಿ ನಡೆಸಬೇಕು. ಅಜ್ಜಿಯ ಹಿಂದೆ ಕುಳಿತು ಸೊಲ್ಲು ಕೂಡಿಸುತ್ತಿರುವವರು ಯಾರು, ಕಳಶ ಹಿಡಿದ ಹುಡುಗಿ ಯಾರ ಮಗಳು, ಅಜ್ಜಿಯು ಆ ಪದವನ್ನು ಯಾರಿಂದ ಕಲಿತಳು ಎಂಬುದನ್ನು ಬಲ್ಲವರು ಅವರೇ. ಮಕ್ಕಳಲ್ಲೊಬ್ಬರು ಪಕ್ಕದಲ್ಲಿ ಕುಳಿತು ಅವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಹೆಸರುಗಳನ್ನು ಹೇಳಬಲ್ಲವರು ಇರುವಾಗಲೇ ಈ ಕೆಲಸವೂ ಆಗಬೇಕು.