ವೈಟ್‌ಫೀಲ್ಡ್‌ನ ಕಪ್ಪು ಧೂಳು, ಮಂಡೂರಿನ ಕಸ: ಪರಿಸರ ಕಾಳಜಿ ಯಾರದು?

ನಮ್ಮ ಕರಾವಳಿಯ ಯಾವ ಚರ್ಚಿನ ಯಾವ ವಾಳೆಗೆ ಹೋದರೂ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ಸಿಗುತ್ತವೆ. ಹಿಂದೆ ಐಟಿಐ ಮುಗಿಸಿದವರು ಪೀಣ್ಯದ ಕಾರ್ಖಾನೆಗಳಿಗೆ ಹೋದರು. ಈಗ ಇಂಜಿನಿಯರಿಂಗ್ ಕಲಿತವರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ನೆಲೆಸಿದ್ದಾರೆ. ಆದ್ದರಿಂದ ಅಲ್ಲಿನ ಗಾಳಿ, ನೀರಿನ ವಿಷಯ ನಮಗೆ ದೂರದ್ದಲ್ಲ. ಪರಿಸರದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಕೇಳಿಬರುವ ಒಂದು ಅಭಿಪ್ರಾಯವಿದೆ: ಹೊಟ್ಟೆ ತುಂಬಿದವರಿಗೆ ಪರಿಸರದ ಚಿಂತೆ, ಬಡವರಿಗೆ ಅನ್ನದ ಚಿಂತೆ. ಇದು ಎಷ್ಟು ನಿಜ?

ವಿದ್ವಾಂಸರಲ್ಲೂ ಹೀಗೆ ಹೇಳಿದವರಿದ್ದಾರೆ. ಅಭಾವವಿಲ್ಲದೆ ಬೆಳೆದ ತಲೆಮಾರು ಹಣ, ಭದ್ರತೆಗಿಂತ ಬದುಕಿನ ಗುಣಮಟ್ಟಕ್ಕೆ ಹೆಚ್ಚು ಬೆಲೆ ಕೊಡುತ್ತದೆ ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ರೊನಾಲ್ಡ್ ಇಂಗಲ್‌ಹಾರ್ಟ್ 1977ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು.

ವೈಟ್‌ಫೀಲ್ಡ್ ನೋಡಿದರೆ ಈ ಮಾತು ಸರಿಯೆನಿಸುತ್ತದೆ. ಅಲ್ಲಿನ ಗ್ರಾಫೈಟ್ ಇಂಡಿಯಾ ಕಾರ್ಖಾನೆ 1970ರ ದಶಕದ್ದು. ಆಗ ಸುತ್ತಮುತ್ತ ಮನೆಗಳು ವಿರಳ. ಐಟಿ ಕಂಪೆನಿಗಳು ಬಂದ ಮೇಲೆ ಅಪಾರ್ಟ್‌ಮೆಂಟ್‌ಗಳು ಎದ್ದವು. ಮನೆಯೊಳಗೆ ಕಪ್ಪು ಧೂಳು ಬಂದು ಕೂರುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ ಎಂದು ನಿವಾಸಿಗಳು ವರ್ಷಗಟ್ಟಲೆ ದೂರಿದರು. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ 2018ರಲ್ಲಿ ಅಲ್ಲಿ ವಿಚಾರಣೆಯಾಯಿತು. 2019ರಲ್ಲಿ ಕಾರ್ಖಾನೆ ಮುಚ್ಚಿತು. ನಿವಾಸಿಗಳ ಬೇಡಿಕೆ ನ್ಯಾಯವಾದುದೇ, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಬಾಲ್ಕನಿಗೆ ಧೂಳು ತಲುಪುವ ಮೊದಲು ಅದನ್ನು ಉಸಿರಾಡಿದವನು ಒಳಗೆ ದುಡಿಯುತ್ತಿದ್ದ ಕಾರ್ಮಿಕ. ಅವನು ದೂರು ಕೊಡಲಿಲ್ಲವೆಂದರೆ ಅವನಿಗೆ ಶ್ವಾಸಕೋಶದ ಚಿಂತೆ ಇರಲಿಲ್ಲ ಎಂದು ಅರ್ಥವೇ? ದೂರು ಕೊಟ್ಟರೆ ಸಂಬಳ ಹೋಗುತ್ತದೆ, ಕೊಡದಿದ್ದರೆ ಆರೋಗ್ಯ ಹೋಗುತ್ತದೆ.

ಪೀಣ್ಯದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣ ಘಟಕಗಳು ಬಹಳ. ಆ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದೆ. ಕ್ರೋಮಿಯಂ ತೊಟ್ಟಿಯ ಆವಿಯಲ್ಲಿ ರಕ್ಷಣೆಯಿಲ್ಲದೆ ವರ್ಷಗಟ್ಟಲೆ ನಿಂತವರಿಗೆ ಕೈಯಲ್ಲಿ ಹುಣ್ಣು, ಮೂಗಿನ ಒಳಗೋಡೆಯಲ್ಲಿ ತೂತು ಆಗುವುದು ವೈದ್ಯಶಾಸ್ತ್ರಕ್ಕೆ ಹೊಸ ಸಂಗತಿಯಲ್ಲ. ವೈಟ್‌ಫೀಲ್ಡ್‌ನ ಧೂಳಿನ ಬಗ್ಗೆ ಪತ್ರಿಕೆಗಳು ಬರೆದಷ್ಟು ಈ ಮೂಗಿನ ಬಗ್ಗೆ ಬರೆಯಲಿಲ್ಲ. ಅಂದಹಾಗೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಪೀಣ್ಯಕ್ಕೆ ಸಿಕ್ಕಿದ್ದು 65.11. ನಮ್ಮ ಮಂಗಳೂರಿಗೆ ಸಿಕ್ಕಿದ್ದು 73.68!

ಮಂಡೂರಿನ ಕಥೆ ಇಂಗಲ್‌ಹಾರ್ಟ್ ಅವರ ಲೆಕ್ಕಕ್ಕೆ ಸಿಗುವುದೇ ಇಲ್ಲ. ವೈಟ್‌ಫೀಲ್ಡ್‌ನಿಂದ ಹೆಚ್ಚು ದೂರವಿಲ್ಲದ ಈ ಹಳ್ಳಿಗೆ ಬೆಂಗಳೂರಿನ ಕಸ ವರ್ಷಗಟ್ಟಲೆ ಲಾರಿಗಳಲ್ಲಿ ಬಂದು ಬಿತ್ತು. ಬಾವಿಯ ನೀರು ಕೆಟ್ಟಿತು, ನೊಣ, ದುರ್ವಾಸನೆ ಮನೆಯೊಳಗೆ ಬಂದವು. 2014ರಲ್ಲಿ ಊರವರೇ ಬೀದಿಗಿಳಿದರು. ಆ ವರ್ಷದ ಡಿಸೆಂಬರಿನಿಂದ ಅಲ್ಲಿಗೆ ಕಸ ಹಾಕುವುದು ನಿಂತಿತು. ಇವರು ಐಟಿ ಉದ್ಯೋಗಿಗಳಲ್ಲ, ಹಳ್ಳಿಯ ರೈತರು, ಕೂಲಿಗಳು. ಬೆಂಗಳೂರಿನಲ್ಲೇ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಮತ್ತು ಸ್ಪೇನಿನ ಹ್ವಾನ್ ಮಾರ್ಟಿನೆಝ್ ಅಲಿಯರ್ 1997ರಲ್ಲಿ ಬರೆದ ಪುಸ್ತಕ ಇದನ್ನೇ ಬಡವರ ಪರಿಸರವಾದ ಎಂದು ಗುರುತಿಸಿತ್ತು. ಕಾಡು, ನೀರು, ನೆಲವೇ ಜೀವನಾಧಾರವಾದವನಿಗೆ ಪರಿಸರ ಮತ್ತು ಅನ್ನ ಎರಡಲ್ಲ.

ಹಾಗಾದರೆ ಸಾಮಾಜಿಕ ಹಿನ್ನೆಲೆ ನಿರ್ಧರಿಸುವುದು ಏನನ್ನು? ನಮ್ಮ ಅಭಿಪ್ರಾಯದಲ್ಲಿ, ಕಾಳಜಿ ಇದೆಯೇ ಇಲ್ಲವೇ ಎಂಬುದನ್ನಲ್ಲ. ಯಾವ ಹಾನಿ ನಮ್ಮ ಕಣ್ಣಿಗೆ ಬೀಳುತ್ತದೆ, ಯಾರ ಅರ್ಜಿಗೆ ಬೇಗ ಉತ್ತರ ಬರುತ್ತದೆ ಎಂಬುದನ್ನು. ವೈಟ್‌ಫೀಲ್ಡ್‌ನ ನಿವಾಸಿಗೆ ಕಾರ್ಖಾನೆಯ ಧೂಳು ಕಂಡಿತು. ತನ್ನ ಅಡುಗೆಮನೆಯ ಕಸ ಮಂಡೂರಿಗೆ ಹೋಗಿದ್ದು ಕಾಣಲಿಲ್ಲ. ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ಕಾಣದ ಶ್ರೀಮಂತ ಕೂಡ ಕೆಟ್ಟವನೆಂದು ಸುವಾರ್ತೆ ಹೇಳುವುದಿಲ್ಲವಷ್ಟೆ. ದಿವಂಗತ ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರ್ಪಡಿಸದೆ ಕೇಳಬೇಕೆಂದದ್ದು ಈ ಕಾರಣಕ್ಕೇ.

ಬೆಂಗಳೂರಿನವರನ್ನು ದೂರಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಚರ್ಚುಗಳ ಪರಿಸರ ಸಮಿತಿಗಳಲ್ಲಿ ಶಿಕ್ಷಕರು, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಇಂಜಿನಿಯರುಗಳು ಇರುತ್ತಾರೆ. ಗಿಡ ನೆಡುವ ಕಾರ್ಯಕ್ರಮ ಚೆನ್ನಾಗಿಯೇ ನಡೆಯುತ್ತದೆ. ಬೈಕಂಪಾಡಿಯಲ್ಲಿ ಪಾಳಿ ಕೆಲಸ ಮಾಡುವವರು, ಕಸ ಎತ್ತುವವರು ಅಲ್ಲಿ ಎಷ್ಟು ಮಂದಿ? 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರದ ತೆಂಗು, ಅಡಿಕೆ ತೋಟಗಳನ್ನು ಮುಚ್ಚಿತು. ಕುಟುಂಬಗಳು ಮನೆ ಬಿಟ್ಟು ಹೊರಟವು. ಆ ರಾಶಿಯಲ್ಲಿ ನಮ್ಮ ಮದುವೆ, ರೋಸ್, ಚರ್ಚ್ ಹಬ್ಬದ ಊಟಗಳ ಪ್ಲಾಸ್ಟಿಕ್ ತಟ್ಟೆ, ಲೋಟಗಳೂ ಇದ್ದವು.